ಮರುಳಪ್ಪ ಮೇಷ್ಟ್ರು ಕುರ್ಚಿ ಬಿಟ್ಟದ್ದು

ನಮ್ಮೂರಲ್ಲಿ ಫೋಟೊ ತೆಗೆಸಿಕೊಂಡವರು ಅದರಲ್ಲಿ ಉಳಿಯುವುದೂ ಬಿಡುವುದೂ ಅವರವರ ಮರ್ಜಿ. ಕೆಲವರು ವರ್ಷಗಟ್ಟಲೆ ಕೂತಿರುತ್ತಾರೆ, ಕೆಲವರು ಚೌಕಟ್ಟು ಹಾಕಿಸುವಷ್ಟರಲ್ಲೇ ಎದ್ದು ಹೋಗಿರುತ್ತಾರೆ. ಮದುವೆಯ ಗುಂಪು ಫೋಟೊದಲ್ಲಿ ಮೊದಲು ಜಾಗ ಖಾಲಿ ಮಾಡುವವರು ಗಂಡಿನ ಕಡೆಯ ಸೋದರಮಾವಂದಿರು. ಅವರ ಹಿಂದೆ ಮಕ್ಕಳು, ಮಕ್ಕಳನ್ನು ಹುಡುಕಿಕೊಂಡು ತಾಯಂದಿರು. ಆಮೇಲೆ ಉಳಿಯುವುದು ಮದುಮಕ್ಕಳು, ಪುರೋಹಿತರು ಮತ್ತು ಯಾರ ಕಡೆಯವನೆಂದು ಯಾರಿಗೂ ಗೊತ್ತಿಲ್ಲದ ಒಬ್ಬ ಆಸಾಮಿ. ನಾವು ನೋಡುತ್ತಿರುವಾಗ ಯಾರೂ ಅಲುಗುವುದಿಲ್ಲ, ಅಷ್ಟರಮಟ್ಟಿಗೆ ಎಲ್ಲರೂ ಮರ್ಯಾದಸ್ಥರು. ಅಡುಗೆಮನೆಗೆ ಹೋಗಿ ಒಲೆ ಆರಿಸಿ ಬಂದು ನೋಡಿದರೆ ಖಾಲಿ ಕುರ್ಚಿ ಇರುತ್ತದೆ. ಅದೇ ನೆಗೆಟಿವ್‌ನಿಂದ ಇನ್ನೊಂದು ಪ್ರತಿ ತೆಗೆದರೂ ಅದರಲ್ಲೂ ಖಾಲಿ ಕುರ್ಚಿಯೇ ಬರುತ್ತದೆ.

ಬದುಕಿರುವವರು ಹೀಗೆ ಎದ್ದು ಹೋದರೆ ಚಿಂತೆಯಿಲ್ಲ, ಮತ್ತೆ ಕರೆದು ಕೂರಿಸಬಹುದು. ಸತ್ತವರು ಹೋದರೆ ಹೋದರು. ಹಾಗಾಗಿ ನಮ್ಮೂರಿನವರು ಸತ್ತವರ ಫೋಟೊಗಳನ್ನು ನೋಡಿಕೊಳ್ಳುವಷ್ಟು ಜತನದಿಂದ ಬದುಕಿದ್ದಾಗ ಅವರನ್ನು ನೋಡಿಕೊಂಡಿರುವುದಿಲ್ಲ. ಅಜ್ಜಿಯ ಫೋಟೊವನ್ನು ಬೀದಿ ಕಾಣುವ ಕಡೆ ತೂಗುಹಾಕುತ್ತಾರೆ, ತಾತನ ಮುಂದೆ ದಿನಾ ಪೇಪರ್ ಓದುತ್ತಾರೆ, ಬೇಸರ ಬಾರದಿರಲೆಂದು ಅತ್ತೆಯ ಫೋಟೊದ ಪಕ್ಕದಲ್ಲೇ ರೇಡಿಯೊ ಇಡುತ್ತಾರೆ. ದಾರಿಯಲ್ಲಿ ಸಿಕ್ಕವರು "ನಿಮ್ಮ ತಾತ ಇನ್ನೂ ಇದಾರಾ?" ಎಂದು ಕೇಳಿದರೆ ಫೋಟೊದ ವಿಷಯ ಎಂದು ನಮಗೆ ಗೊತ್ತಾಗುತ್ತದೆ. ಇಷ್ಟೆಲ್ಲ ಮಾಡಿಯೂ ತಾತ ಹೋದರೆ ಬೈಸಿಕೊಳ್ಳಬೇಕಾದವಳು ಮಾತ್ರ ನಾನು.

ನನ್ನ ಹೆಸರು ಲೋಕಾಂಬ. ಬಸ್‌ಸ್ಟ್ಯಾಂಡಿನ ಎದುರಿರುವ ಮರುಳಪ್ಪ ಫೋಟೊ ಸ್ಟುಡಿಯೊ ನನ್ನದು. ನನ್ನ ಗುರುಗಳಾದ ಮರುಳಪ್ಪ ಮೇಷ್ಟ್ರು ಕಟ್ಟಿದ್ದು. ಊರಲ್ಲಿ ಬೇರೆ ಸ್ಟುಡಿಯೊಗಳೂ ಇವೆ, ಆದರೆ ಜನ ಉಳಿಯುವ ಫೋಟೊ ಬೇಕಾದವರು ನನ್ನಲ್ಲಿಗೇ ಬರುತ್ತಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮೇಷ್ಟ್ರು ಕಂಡುಹಿಡಿದ ವಿಧಾನ ಅಂಥದು. ಕೂತವರನ್ನು ಒಂದು ಪ್ರಶ್ನೆ ಕೇಳಬೇಕು. ಉತ್ತರ ಕೊಡದೆ ಇರಲಾರೆ ಎನ್ನುವಂಥ ಪ್ರಶ್ನೆಯಾಗಿರಬೇಕು. ಅವರು ಉತ್ತರಿಸಲು ಬಾಯಿ ತೆರೆದ ಗಳಿಗೆಯಲ್ಲಿ, ಮೊದಲ ಅಕ್ಷರ ಹೊರಬೀಳುವ ಮುಂಚೆ ಕ್ಲಿಕ್ ಮಾಡಬೇಕು. ಉತ್ತರ ಹೇಳದೆ ಎದ್ದು ಹೋಗಲು ಯಾರಿಗೂ ಮನಸ್ಸಾಗುವುದಿಲ್ಲ. ಫೋಟೊದೊಳಗೆ ಅವರು ಹಾಗೇ ಕೂತಿರುತ್ತಾರೆ. ನಮ್ಮೂರಿನ ಯಾವ ಮನೆಗೆ ಹೋದರೂ ಗೋಡೆಯ ಮೇಲಿನ ಹಿರಿಯರೆಲ್ಲ ಬಾಯಿ ಅರ್ಧ ತೆರೆದುಕೊಂಡಿರುವುದು ಇದಕ್ಕೇ. ಹೊರಗಿನಿಂದ ಬಂದ ಸೊಸೆಯಂದಿರು ಮೊದಲು ಹೆದರುತ್ತಾರೆ, ಆಮೇಲೆ ರೂಢಿಯಾಗುತ್ತದೆ.

ಉಪ್ಪಿನಕಾಯಿ ಸಿದ್ದಮ್ಮ ಎಂಬ ಹೆಂಗಸು ಸಾಯುವ ಮುಂಚೆ ನನ್ನ ಹತ್ತಿರ ಫೋಟೊ ತೆಗೆಸಿಕೊಂಡಿದ್ದಳು. "ನಿಮ್ಮ ಓರಗಿತ್ತಿ ಹಾಕೋ ಉಪ್ಪಿನಕಾಯಿ ನಿಮ್ಮದಕ್ಕಿಂತ ರುಚಿ ಅಂತಾರಲ್ಲ, ಹೌದಾ ಸಿದ್ದಮ್ಮ?" ಎಂದು ಕೇಳಿ ಕ್ಲಿಕ್ ಮಾಡಿದೆ. ಕಣ್ಣು ಕೆಂಡ, ಬಾಯಿ ತೆರೆದದ್ದು ತೆರೆದ ಹಾಗೇ. ಓರಗಿತ್ತಿ ಸತ್ತಳು, ಓರಗಿತ್ತಿಯ ಉಪ್ಪಿನಕಾಯಿ ಜಾಡಿಯೂ ಒಡೆಯಿತು, ಸಿದ್ದಮ್ಮ ಜಾಗ ಬಿಟ್ಟು ಕದಲಲಿಲ್ಲ. ನನ್ನ ಕೆಲಸ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಸಿದ್ದಮ್ಮನ ಮನೆಗೆ ಹೋಗಿ ನೋಡಿ ಎನ್ನುತ್ತಿದ್ದೆ.

ಆದರೆ ನನ್ನ ಮಟ್ಟಿಗೆ ಊರಿನಲ್ಲಿದ್ದ ಮುಖ್ಯ ಫೋಟೊ ಒಂದೇ. ಅದು ನನ್ನ ಸ್ಟುಡಿಯೊದ ಗೋಡೆಯ ಮೇಲಿದ್ದ ಮೇಷ್ಟ್ರದ್ದು. ಅವರ ಕೈಕೆಳಗೆ ಕಲಿತಷ್ಟೂ ಕಾಲ ಅವರು ನನಗೆ ಒಂದು ಒಳ್ಳೆಯ ಮಾತು ಆಡಿದವರಲ್ಲ. ಬೆಳಕು ಸರಿಯಿದ್ದರೆ ಸುಮ್ಮನಿರುತ್ತಿದ್ದರು, ಸರಿಯಿಲ್ಲದಿದ್ದರೆ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಬೈಯುತ್ತಿದ್ದರು. ಕೊನೆಗಾಲದಲ್ಲಿ, ಕಾಯಿಲೆಯಿಂದ ಹಣ್ಣಾದ ಮೇಲೆ, ಮೊದಲ ಬಾರಿಗೆ ನನ್ನ ಕ್ಯಾಮೆರಾದ ಮುಂದೆ ಕೂತರು. ನಾನು ಯೋಚನೆಯೇ ಮಾಡದೆ ಕೇಳಿಬಿಟ್ಟೆ. "ಮೇಷ್ಟ್ರೇ, ನನಗೆ ಈ ಕೆಲಸ ಬಂತಾ?" ಅವರು ಬೆರಳೆತ್ತಿದರು, ಬಾಯಿ ತೆರೆದರು. ಅಭ್ಯಾಸಬಲದಿಂದ ನನ್ನ ಕೈ ಕ್ಲಿಕ್ ಮಾಡಿತು. ಕುರ್ಚಿಯಲ್ಲಿದ್ದ ಮೇಷ್ಟ್ರು ಬಾಯಿ ಮುಚ್ಚಿಕೊಂಡು, "ಚಾ ಆರಿಹೋಯ್ತು, ಬೇರೆ ತರಿಸು" ಎಂದರು. ಆಮೇಲೆ ಆ ಮಾತು ಎತ್ತಲೇ ಇಲ್ಲ, ಸತ್ತೂ ಹೋದರು. ಹಾಗಾಗಿ ನನ್ನ ಉತ್ತರ ಎಂಬುದು ಇನ್ನೂ ಇದ್ದರೆ ಅದು ಆ ಫೋಟೊದಲ್ಲಿತ್ತು, ಅವರ ತೆರೆದ ಬಾಯಲ್ಲಿತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಾನು ನೋಡುತ್ತಿದ್ದದ್ದು ಅವರಿದ್ದಾರಾ ಎಂದು. ಇದ್ದರೆ ಆ ದಿನ ಕೆಲಸಕ್ಕೆ ಕೈ ಬರುತ್ತಿತ್ತು. ಅವರು ಹೋಗಿಬಿಟ್ಟರೆ ಏನು ಮಾಡುತ್ತೇನೋ ನನಗೇ ಗೊತ್ತಿರಲಿಲ್ಲ.

ಇಂಥ ಸ್ಟುಡಿಯೊಗೆ ಒಂದು ದಿನ ಊರಿನ ಚಿತ್ರಸಂಘದ ಕಾರ್ಯದರ್ಶಿ ಪಂಚಾಕ್ಷರಿ ಇಬ್ಬರನ್ನು ಕರೆದುಕೊಂಡು ಬಂದ. ಒಬ್ಬ ಹುಡುಗಿ, ಒಬ್ಬ ಹುಡುಗ. ಇಬ್ಬರ ಕುತ್ತಿಗೆಯಲ್ಲೂ ಕ್ಯಾಮೆರಾ, ಇಬ್ಬರ ಮುಖದಲ್ಲೂ ನಾವು ಬಂದದ್ದು ನಿಮ್ಮ ಪುಣ್ಯ ಎನ್ನುವ ಕಳೆ.

"ಲೋಕಾಂಬನೋರೆ, ಇವರು ನಮ್ಮ ಹೊಸ ಪ್ರತಿಭೆಗಳು. ಫೋಟೊಗ್ರಫಿಯ ಎಲ್ಲೆಗಳನ್ನ ವಿಸ್ತರಿಸ್ತಾರೆ. ನೀವು ಸ್ವಲ್ಪ ಕೈ ಹಿಡಿದು ನಡೆಸ್ಬೇಕು. ಕೊನೇಲಿ ಒಂದು ಪ್ರದರ್ಶನ ಇಡೋಣ" ಎಂದ ಪಂಚಾಕ್ಷರಿ.

"ನಾನು ಇಷ್ಟು ವರ್ಷ ಜನಾನ ಎಲ್ಲೆ ಒಳಗೆ ಕೂರಿಸೋಕೆ ಒದ್ದಾಡ್ತಾ ಇದೀನಿ. ನೀವು ಅದನ್ನ ವಿಸ್ತರಿಸ್ತಾರೆ ಅಂತೀರಲ್ರಿ!" ಎಂದೆ.

ಪಂಚಾಕ್ಷರಿಗೆ ಬೇರೆಯವರ ಮಾತು ಕೇಳಿಸಿಕೊಳ್ಳುವ ಅಭ್ಯಾಸವಿಲ್ಲ. ನಗುತ್ತಾ ನಮಸ್ಕಾರ ಹೇಳಿ, ಇಬ್ಬರನ್ನೂ ನನ್ನ ತಲೆಗೆ ಕಟ್ಟಿ ಹೊರಟುಹೋದ.

ಹುಡುಗನ ಹೆಸರು ಹಾಲೇಶ. ಒಳ್ಳೆಯವನು, ಹೇಳಿದ ಕೆಲಸವನ್ನು ತಲೆಬಗ್ಗಿಸಿ ಮಾಡುವವನು, ತಲೆ ಉಪಯೋಗಿಸಿ ಮಾಡುವವನಲ್ಲ. ಜನರು ಎದ್ದು ಹೋಗುತ್ತಾರೆ ಎಂಬ ಸಮಸ್ಯೆಗೆ ಅವನೊಂದು ಪರಿಹಾರ ಹುಡುಕಿಕೊಂಡಿದ್ದ. ಬರೀ ಬಕೆಟ್‌ಗಳ ಫೋಟೊ ತೆಗೆಯುತ್ತಿದ್ದ. ಬಾವಿಕಟ್ಟೆಯ ಬಕೆಟ್, ಬಚ್ಚಲ ಬಕೆಟ್, ಹೋಟೆಲಿನ ಹಿಂದಿನ ಬಕೆಟ್. "ಬಕೆಟ್ ಎಲ್ಲಿಗೂ ಹೋಗಲ್ಲ ಅಕ್ಕ" ಎನ್ನುತ್ತಿದ್ದ. ಅದು ನಿಜವೇ.

ಹುಡುಗಿ ಶಾಹಿನಾ. ಅವಳ ಜೊತೆ ಮಾತಾಡಿ ನನ್ನ ತಲೆ ಚಿಟ್ಟು ಹಿಡಿಯದ ದಿನವಿಲ್ಲ. ಮೊದಲ ದಿನ ಮೇಷ್ಟ್ರ ವಿಧಾನವನ್ನು ಹೇಳಿಕೊಟ್ಟೆ. ನಾನು ಯಾರಿಗೂ ಹೇಳಿಕೊಡದ ವಿದ್ಯೆ ಅದು. ಅವಳು ಕೈಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡಳು.

"ಅಲ್ಲ ಅಕ್ಕ, ಪ್ರಶ್ನೆ ಕೇಳೋದು, ಉತ್ತರ ಹೇಳೋಕೆ ಬಿಡದೆ ಇರೋದು. ಇದು ಒಂಥರಾ ಕಟ್ಟಿಹಾಕಿದ ಹಾಗೆ ಅಲ್ವಾ?"

"ಕಟ್ಟಿಹಾಕೋಕೇ ಕಣೇ ಅವರು ದುಡ್ಡು ಕೊಡೋದು."

"ನಾನು ಏನೂ ಕೇಳಲ್ಲ. ಅವರಿಗೆ ಇರ್ಬೇಕು ಅನ್ಸಿದ್ರೆ ಇರಲಿ."

ಅವಳು ಏನೂ ಕೇಳಲಿಲ್ಲ. ಅವಳು ತೆಗೆದ ಫೋಟೊಗಳಲ್ಲಿ ಯಾರೂ ಇರಲಿಲ್ಲ. ಸಾಲಾಗಿ ಬಂದು ಕೂತರು, ನಗುನಗುತ್ತಾ ತೆಗೆಸಿಕೊಂಡರು, ಪ್ರಿಂಟ್ ಕೈಗೆ ಬರುವ ಮುಂಚೆ ಎದ್ದು ಹೋದರು. ಗಿರಾಕಿಗಳು ನನ್ನ ಮೇಲೆ ಹರಿಹಾಯ್ದರು. "ಏನ್ ಲೋಕಾಂಬಕ್ಕ, ನಮ್ಮಪ್ಪನ್ನ ಕೂರಿಸಿ ಸ್ಟೂಲ್ ಫೋಟೊ ತೆಗೆದಿದೀರಲ್ಲ?" ನಾನು ಎಲ್ಲರನ್ನೂ ಮತ್ತೆ ಕರೆಸಿ, ಪ್ರಶ್ನೆ ಕೇಳಿ, ಹೊಸದಾಗಿ ತೆಗೆದುಕೊಡಬೇಕಾಯಿತು. ಆ ಹುಡುಗಿಗೆ ಒಂದಿಷ್ಟಾದರೂ ನಾಚಿಕೆಯಾಯಿತೇ ಎಂದರೆ, ಇಲ್ಲ. ಖಾಲಿ ಫೋಟೊಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂರುತ್ತಿದ್ದಳು. ಕೆರೆ ಏರಿಯ ಕಲ್ಲುಬೆಂಚು, ಗಿರಣಿಯ ಮೆಟ್ಟಿಲು, ಹುಣಸೆಮರದ ನೆರಳು, ಒಬ್ಬ ನರಪಿಳ್ಳೆಯೂ ಇಲ್ಲ. "ಜಾಗ ಎಷ್ಟು ಚೆನ್ನಾಗಿದೆ ನೋಡಿ ಅಕ್ಕ" ಎನ್ನುತ್ತಿದ್ದಳು. ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ.

ಹೀಗಿರುವಾಗ ಸಿದ್ದಮ್ಮನ ಸೊಸೆ ಗೌರಕ್ಕ ಅತ್ತೆಯ ಫೋಟೊದ ಗಾಜು ಒಡೆದಿದೆ ಎಂದು ರಿಪೇರಿಗೆ ತಂದುಕೊಟ್ಟಳು. ಚೌಕಟ್ಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟು ನಾನು ಮನೆಗೆ ಹೋದೆ. ಶಾಹಿನಾ ತನ್ನ ಕಲ್ಲುಬೆಂಚಿನ ಫೋಟೊವನ್ನು ಅದರ ಪಕ್ಕಕ್ಕೆ, ಅಂಚಿಗೆ ಅಂಚು ತಾಗುವ ಹಾಗೆ ಇಟ್ಟು ಹೋಗಿದ್ದಳು. ಬೇಕೆಂದೇ ಇಟ್ಟಳೋ ಜಾಗ ಸಾಲದೆ ಇಟ್ಟಳೋ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಸಿದ್ದಮ್ಮನ ಕುರ್ಚಿ ಖಾಲಿ. ಪಕ್ಕಕ್ಕೆ ನೋಡಿದರೆ, ಕೆರೆ ಏರಿಯ ಬೆಂಚಿನ ಮೇಲೆ ಸಿದ್ದಮ್ಮ ಕಾಲು ಚಾಚಿಕೊಂಡು ಕೂತಿದ್ದಾಳೆ. ಬಾಯಿ ಮುಚ್ಚಿದೆ. ಮುಖ ನೀರಿನ ಕಡೆಗಿದೆ.

ನನ್ನ ಪಿತ್ತ ನೆತ್ತಿಗೇರಿತು. ನನ್ನ ಜೀವಮಾನದ ಕೆಲಸವನ್ನು ಈ ಹುಡುಗಿ ಕಲ್ಲುಬೆಂಚಿಗೆ ಕೂರಿಸಿಬಿಟ್ಟಿದ್ದಾಳೆ! ಗೌರಕ್ಕ ಬಂದಾಗ ಕಾಲಿಗೆ ಬೀಳುವುದೊಂದೇ ದಾರಿ ಎಂದುಕೊಂಡೆ. ಗೌರಕ್ಕ ಬಂದಳು, ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು.

"ಅಯ್ಯೋ ನಮ್ಮತ್ತೆ! ಬಾಯಿ ಮುಚ್ಕೊಂಡಿರೋದನ್ನ ಬದುಕಿದ್ದಾಗ್ಲೂ ನೋಡಿರ್ಲಿಲ್ಲ ಕಣಕ್ಕ. ನಾಳೆ ಎಲ್ಲಿ ಹೋಗ್ತಾರೆ?"

"ನಾಳೆ ಗಿರಣಿ ಮೆಟ್ಟಿಲು ಇಡ್ತೀನಿ ಗೌರಕ್ಕ" ಎಂದಳು ಶಾಹಿನಾ, ಎಲ್ಲ ಮೊದಲೇ ಯೋಚಿಸಿದವಳ ಹಾಗೆ. ಗೌರಕ್ಕ ಫೋಟೊವನ್ನು ನಮ್ಮಲ್ಲೇ ಬಿಟ್ಟಳು. ದಿನಾ ಬಂದು ಅತ್ತೆ ಎಲ್ಲಿದ್ದಾರೆಂದು ನೋಡಿಕೊಂಡು ಹೋಗುತ್ತಿದ್ದಳು.

ಗಿರಣಿ ಮೆಟ್ಟಿಲಿಗೆ ಸಿದ್ದಮ್ಮ ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ, ಬೆಂಚಿನ ಕೊನೆಗೆ ಬಂದು ಕೆಳಗೆ ಬಗ್ಗಿ ನೋಡುತ್ತಾ ನಿಂತಿದ್ದಳು. ಶಾಹಿನಾ ಮೊದಲ ಸಲ ಮುಖ ಸಪ್ಪಗೆ ಮಾಡಿಕೊಂಡಳು. ನಾನು ತುಟಿಪಿಟಕ್ಕೆನ್ನಬಾರದು ಎಂದುಕೊಂಡಿದ್ದೆ. ಆದರೆ ಕೆಟ್ಟ ಕೆಲಸ ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗುವುದಿಲ್ಲ.

"ನೆಲ ಕೂಡಿಲ್ಲ ಕಣೇ! ಬೆಂಚಿನ ನೆಲ ಅಲ್ಲಿದೆ, ನಿನ್ನ ಮೆಟ್ಟಿಲಿನ ನೆಲ ಮಾರುದ್ದ ಕೆಳಗಿದೆ. ವಯಸ್ಸಾದ ಹೆಂಗಸು, ಹೇಗೆ ಧುಮುಕ್ತಾಳೆ? ಬಿಸಿಲು ನೋಡು, ಇಲ್ಲಿ ಎಡಗಡೆ, ಅಲ್ಲಿ ಬಲಗಡೆ. ಬೆಳಿಗ್ಗೆಯಿಂದ ನೇರ ಸಂಜೆಗೆ ಕಾಲಿಡು ಅಂದ್ರೆ ನೀನು ಇಡ್ತೀಯಾ? ಆಮೇಲೆ ಈ ಬಿಳಿ ಅಂಚು. ಗೋಡೆ ಇದ್ದ ಹಾಗಿದೆ. ಕತ್ತರಿಸು ಅದನ್ನ."

ಅವಳು ಕಣ್ಣರಳಿಸಿದಳು. "ಹೇಗೆ ಕತ್ತರಿಸೋದು, ತೋರಿಸಿ ಅಕ್ಕ."

ತೋರಿಸಿದೆ. ಸ್ಕೇಲು ಹಿಡಿಯುವುದು, ಬ್ಲೇಡನ್ನು ಒಂದೇ ಎಳೆತಕ್ಕೆ ಎಳೆಯುವುದು, ಎರಡು ಚಿತ್ರಗಳ ನೆಲ ಒಂದೇ ಮಟ್ಟಕ್ಕೆ ಬರುವ ಹಾಗೆ ಕ್ಯಾಮೆರಾ ನಿಲ್ಲಿಸುವುದು. ಅಂಚು ಎಂದರೆ ಬಾಗಿಲು, ಅದಕ್ಕೆ ಹೊಸ್ತಿಲು ಇರಬಾರದು ಎಂದು ಹಾಲೇಶನಿಗೂ ಕಿವಿ ಹಿಂಡಿ ಹೇಳಿಕೊಟ್ಟೆ. ಅವರಿಬ್ಬರೂ ಊರೆಲ್ಲ ಅಲೆದು ಬೀದಿ, ಸಂದಿ, ಜಗಲಿ, ಸಂತೆಮಾಳಗಳ ಖಾಲಿ ಫೋಟೊ ತಂದರು. ನಾನು ಅರ್ಧಕ್ಕರ್ಧ ವಾಪಸ್ ಎಸೆದೆ. ಶಾಹಿನಾ ವಾದ ಮಾಡುತ್ತಿದ್ದಳು, ಸೋತಾಗ ಮುಖ ಊದಿಸಿಕೊಂಡು ಹೋಗಿ ಮತ್ತೆ ತೆಗೆದುಕೊಂಡು ಬರುತ್ತಿದ್ದಳು. ಸಿದ್ದಮ್ಮ ಮೆಟ್ಟಿಲು ಹತ್ತಿದಳು, ಗಿರಣಿ ದಾಟಿದಳು. ಒಂದು ದಿನ ಹಾಲೇಶನ ಬಾವಿಕಟ್ಟೆಯ ಬಕೆಟ್‌ನಲ್ಲಿ ನೀರು ಕಡಿಮೆಯಾಗಿತ್ತು, ಸಿದ್ದಮ್ಮ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಹಾಲೇಶ ಕುಣಿದಾಡಿಬಿಟ್ಟ. ನನಗೂ ಒಳಗೊಳಗೇ ಸಂತೋಷವಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ಈ ಹುಡುಗಿಯನ್ನು ಹಿಡಿಯುವುದಕ್ಕೆ ಆಗುತ್ತದೆಯೇ?

ಪ್ರದರ್ಶನ ರೇಷ್ಮೆಗೂಡಿನ ಹಳೆಯ ಮಾರುಕಟ್ಟೆಯಲ್ಲಿ ಎಂದು ನಿಶ್ಚಯವಾಯಿತು. ಅಲ್ಲಿ ಉದ್ದವಾದ ಒಂದೇ ಗೋಡೆ ಇದೆ. ಈ ತುದಿಯಿಂದ ಆ ತುದಿಯವರೆಗೆ ಫೋಟೊಗಳನ್ನು ಕೂಡಿಸಿ ಮೈದಾ ಅಂಟಿನಿಂದ ಗೋಡೆಗೇ ಅಂಟಿಸುವುದು, ಊರವರು ತಮ್ಮ ಹಿರಿಯರ ಫೋಟೊ ತಂದು ಸೇರಿಸುವುದು, ಅವರೆಲ್ಲ ಅದರೊಳಗೆ ಓಡಾಡಿಕೊಂಡಿರುವುದು, ಇದು ಶಾಹಿನಾಳ ಯೋಜನೆ. ಹಾಲೇಶ ಬಕೆಟ್ ಹುಡುಕಲು ಹೋಗಿದ್ದ ಒಂದು ಮಧ್ಯಾಹ್ನ ಅವಳು ನನ್ನ ಗೋಡೆಯ ಕಡೆ ತಿರುಗಿ ನಿಂತು ಕೇಳಿದಳು.

"ಅಕ್ಕ, ಮೇಷ್ಟ್ರನ್ನೂ ಸೇರಿಸೋಣ್ವಾ?"

"ಬಾಯಿ ಮುಚ್ಚು."

"ಪಾಪ, ಎಷ್ಟು ವರ್ಷದಿಂದ ಬೆರಳು ಎತ್ಕೊಂಡೇ ಕೂತಿದಾರೆ..."

"ಅವರು ಎದ್ರೆ ನನಗೆ ಏನು ಉಳಿಯುತ್ತೆ ಗೊತ್ತಾ ನಿನಗೆ? ಸಿದ್ದಮ್ಮನ ಉತ್ತರ ಯಾರಿಗೆ ಬೇಕಾಗಿತ್ತು! ಇದು ನನ್ನದು. ಅವರ ಹತ್ತಿರ ಬ್ಲೇಡ್ ಹಿಡ್ಕೊಂಡು ಹೋದ್ರೆ ಕೈ ಮುರಿದುಬಿಡ್ತೀನಿ."

ಎಷ್ಟು ಜೋರಾಗಿ ಕೂಗಿದೆನೆಂದರೆ ಎದುರಿನ ಹೋಟೆಲಿನವನು ಹೊರಗೆ ಬಂದು ನೋಡಿದ. ಶಾಹಿನಾ ಮತ್ತೆ ಆ ಮಾತೆತ್ತಲಿಲ್ಲ.

ಪ್ರದರ್ಶನದ ಹಿಂದಿನ ದಿನ ನಾನೊಂದು ಮದುವೆಗೆ ಹೋಗಬೇಕಾಗಿತ್ತು. ಸೋದರಮಾವಂದಿರು ಉಳಿಯಲೇಬೇಕು ಎಂದು ಮದುಮಗಳ ತಂದೆ ಕೈಮುಗಿದು ಕೇಳಿಕೊಂಡಿದ್ದ. ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಹೊಂದಿಸಿ, ಕೆಲಸ ಮುಗಿಸಿ, ಊಟದ ಹೊತ್ತು ಮೀರಿದ ಮೇಲೆ ಸ್ಟುಡಿಯೊಗೆ ಬಂದೆ. ಗೋಡೆಯ ಮೇಲೆ ಮೊಳೆ ಇತ್ತು. ಕೆಳಗೆ ಮೇಜಿನ ಮೇಲೆ ಖಾಲಿ ಚೌಕಟ್ಟು, ಪಕ್ಕದಲ್ಲಿ ಬಿಳಿ ಕಾಗದದ ನಾಲ್ಕು ಸಣ್ಣ ಪಟ್ಟಿಗಳು. ಒಂದೇ ಎಳೆತಕ್ಕೆ ಕತ್ತರಿಸಿದ ಪಟ್ಟಿಗಳು. ಅಷ್ಟು ನೀಟಾಗಿ ಕತ್ತರಿಸುವುದನ್ನು ಕಲಿಸಿದವಳು ನಾನೇ.

ಮಾರುಕಟ್ಟೆಯವರೆಗೆ ಹೇಗೆ ಹೋದೆನೋ ನೆನಪಿಲ್ಲ. ಬಾಗಿಲಲ್ಲೇ ಹಾಲೇಶ ಎದುರಾದ. ಅವನ ಮುಖ ಬಿಳಿಚಿಕೊಂಡಿತ್ತು.

"ಪಂಚಾಕ್ಷರಿ ಸಾರ್ ಹೇಳಿದ್ರು ಅಕ್ಕ. ಗುರುಗಳ ಫೋಟೊ ಮೊದಲಲ್ಲಿ ಇರ್ಬೇಕು, ಗೌರವ, ತಗೊಂಡ್ಬಾ ಅಂದ್ರು. ನನಗೆ ಗೊತ್ತಿರ್ಲಿಲ್ಲ. ನೀವೇ ಹೇಳಿದ್ರಲ್ಲ, ಬಿಳಿ ಅಂಚು ಇರ್ಬಾರ್ದು, ನೆಲ ಕೂಡ್ಬೇಕು ಅಂತ... ನೆಲ ಚೆನ್ನಾಗಿ ಕೂಡಿದೆ ಅಕ್ಕ."

ಅವನಿಗೆ ಎರಡು ಬಿಗಿಯಬೇಕೆಂದು ಕೈಯೆತ್ತಿದೆ. ಆಗ ಒಳಗಿನಿಂದ ಶಾಹಿನಾ ಕೂಗಿದಳು.

"ಅಕ್ಕಾ, ಬೇಗ ಬನ್ನಿ! ಇನ್ನೂ ಇದಾರೆ!"

ಅವಳು ಗೋಡೆಯ ಮುಂದೆ ನೆಲದ ಮೇಲೆ ಕೂತಿದ್ದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ನಾನು ಹತ್ತಿರ ಹೋದರೂ ನನ್ನ ಕಡೆ ತಿರುಗಲಿಲ್ಲ. ಗೋಡೆಯ ಮೊದಲ ಫೋಟೊದಲ್ಲಿ ಮೇಷ್ಟ್ರು ಬೆರಳೆತ್ತಿ, ಬಾಯಿ ತೆರೆದು ಕೂತಿದ್ದರು. ಅವರ ಕುರ್ಚಿಗೆ ಅಂಟಿಕೊಂಡೇ ಕೆರೆ ಏರಿ, ಕಲ್ಲುಬೆಂಚು, ಬೆಂಚಿನ ಮೇಲೆ ಸಿದ್ದಮ್ಮ.

"ಬೆಳಿಗ್ಗೆ ಬಂದು ನೋಡಿದಾಗ್ಲೇ ಅಂಟಿಸಿಬಿಟ್ಟಿದ್ದ. ಆಗಿಂದ ಕಣ್ಣು ತೆಗೆದಿಲ್ಲ ಅಕ್ಕ. ನಾವು ನೋಡ್ತಿದ್ರೆ ಹೋಗಲ್ವಲ್ಲ. ರೆಪ್ಪೆ ಹೊಡೀಬೇಕಾದಾಗ ಒಂದೊಂದೇ ಕಣ್ಣು ಹೊಡೀತಿದ್ದೆ. ಹಾಲೇಶನ್ನ ಕೂರಿಸಿದ್ರೆ ಅವನು ಬಕೆಟ್ ಕಡೆ ನೋಡಿಬಿಡ್ತಾನೆ. ನೀವು ಕೂತ್ಕೊಳ್ಳಿ. ನಾನು ಬಚ್ಚಲಿಗೆ ಹೋಗಿ ಬರ್ಬೇಕು, ತಡೆಯೋಕಾಗ್ತಿಲ್ಲ."

ನಾನು ಕೂತೆ. ಮೇಷ್ಟ್ರ ಮುಖದ ಮೇಲೆ ಕಣ್ಣು ನೆಟ್ಟೆ. ಯಾರನ್ನೂ ಕಟ್ಟಿಹಾಕಬಾರದು ಎನ್ನುತ್ತಿದ್ದ ಹುಡುಗಿ ನನಗೋಸ್ಕರ ಅನ್ನ ನೀರಿಲ್ಲದೆ ಒಬ್ಬ ಮುದುಕನನ್ನು ಕಣ್ಣಲ್ಲೇ ಕಟ್ಟಿಹಾಕಿ ಕೂತಿದ್ದಳು. ಅದಕ್ಕೂ ನನಗೆ ಸಿಟ್ಟೇ ಬಂತು. ಬೈಯಲು ಒಬ್ಬರೂ ಸರಿಯಾಗಿ ಸಿಗದ ದಿನ ಅದು.

ಅವಳು ವಾಪಸ್ ಬಂದಾಗ ಕೈಯಲ್ಲಿ ಅಂಟು ಕೆರೆಯುವ ತಗಡಿನ ಪಟ್ಟಿ ಇತ್ತು.

"ಮೇಷ್ಟ್ರನ್ನ ಕೀಳೋಕೆ ಹೋದ್ರೆ ಹರಿದುಹೋಗ್ತಾರೆ, ಅಂಟು ಒಣಗಿದೆ. ಪಕ್ಕದ್ದನ್ನ ಕೆರೆದು ಹಾಕ್ತೀನಿ. ಬೆಂಚು ಹೋದ್ರೆ ಅವರಿಗೆ ದಾರಿ ಇರಲ್ಲ. ನಂದೇ ಫೋಟೊ ತಾನೆ."

"ಬೆಂಚಿನ ಮೇಲೆ ಸಿದ್ದಮ್ಮ ಇದಾಳಲ್ಲೇ."

ಅವಳು ಪಟ್ಟಿಯನ್ನು ಬೆಂಚಿನ ಅಂಚಿಗೆ ತಂದು ಹಿಡಿದದ್ದು ಕಣ್ಣಿನ ಓರೆಯಲ್ಲಿ ಕಾಣುತ್ತಿತ್ತು. ಬೆಂಚು ಹೋದರೆ ಸಿದ್ದಮ್ಮ ಹೋಗುತ್ತಾಳೆ, ಗೌರಕ್ಕನಿಗೆ ನಾಳೆ ತೋರಿಸಲು ಏನೂ ಇರುವುದಿಲ್ಲ. ಗೋಡೆಯ ಉಳಿದ ಭಾಗ ಬುಡ ಕಡಿದ ಹಾಗೆ ನಿಲ್ಲುತ್ತದೆ. ಅದೆಲ್ಲ ಅವಳಿಗೂ ಗೊತ್ತಿತ್ತು. ನಾನು ಹೂಂ ಎಂದರೆ ಕೆರೆದುಬಿಡುತ್ತಿದ್ದಳು.

"ಅದನ್ನ ಕೆಳಗಿಡು. ಹೋಗಿ ಏನಾದ್ರೂ ತಿನ್ನು. ಹಾಲೇಶನ್ನೂ ಕರ್ಕೊಂಡು ಹೋಗು, ಅವನ ಮುಖ ನೋಡಿದ್ರೆ ಮೈ ಉರಿಯುತ್ತೆ" ಎಂದೆ.

ಅವರು ಹೋದ ಮೇಲೆ ನಾನೂ ಮೇಷ್ಟ್ರೂ ಇಬ್ಬರೇ ಉಳಿದೆವು. ಅಷ್ಟು ಹತ್ತಿರದಿಂದ, ಗಾಜಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ಎಷ್ಟು ಸುಸ್ತಾಗಿದ್ದರು! ಎತ್ತಿದ ಬೆರಳಿನ ಕೈಯನ್ನು ಇನ್ನೊಂದು ಕೈ ಕೆಳಗಿನಿಂದ ಹಿಡಿದುಕೊಂಡಿತ್ತು. ನಾನು ಫೋಟೊ ತೆಗೆದಾಗ ಹಾಗಿರಲಿಲ್ಲ. ಯಾವಾಗ ಹಿಡಿದುಕೊಂಡರೋ, ಎಷ್ಟು ವರ್ಷದಿಂದ ಹಾಗೆ ಹಿಡಿದುಕೊಂಡಿದ್ದರೋ. ದಿನಾ ಬೆಳಿಗ್ಗೆ ಇದ್ದಾರಾ ಎಂದು ನೋಡಿದೆನೇ ಹೊರತು ಹೇಗಿದ್ದಾರೆ ಎಂದು ನೋಡಿರಲಿಲ್ಲ.

ಆಗ ನನಗೆ ಬಂದ ಕೋಪ ಇಷ್ಟಿಷ್ಟಲ್ಲ. "ಅವತ್ತು ಚಾ ವಿಷಯ ಎತ್ತುವ ಬದಲು ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮೇಷ್ಟ್ರೇ? ಬಂತು ಅನ್ನಿ, ಇಲ್ಲ ಬರ್ಲಿಲ್ಲ ಅನ್ನಿ. ಬೈಯೋಕೆ ಊರಿಗೆಲ್ಲ ಕೇಳೋ ಗಂಟಲು ಇತ್ತು. ಇದಕ್ಕೆ ಮಾತ್ರ ಇರ್ಲಿಲ್ವಾ?" ಎಂದು ಖಾಲಿ ಮಾರುಕಟ್ಟೆಯಲ್ಲಿ ಜೋರಾಗಿಯೇ ಕೇಳಿದೆ. ಕಣ್ಣು ಉರಿಯುತ್ತಿತ್ತು. ರೆಪ್ಪೆ ಮುಚ್ಚದೆ ಮುದುಕನನ್ನು ಕಾಯುತ್ತಾ ಇನ್ನೆಷ್ಟು ಹೊತ್ತು ಕೂರುವುದು? "ಹೋಗಿ. ಹೋಗೋದಾದ್ರೆ ಹೋಗಿ. ನನಗೆ ಸಾಕಾಯ್ತು" ಎಂದು ಹೇಳಿ, ಗೋಡೆಗೆ ಬೆನ್ನು ಮಾಡಿ ಕೂತುಬಿಟ್ಟೆ. ಎದುರಿನ ಕಿಟಕಿಯ ಆಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವರು ಎರಡು ಚಕ್ರಕ್ಕೂ ಹೊಡೆದು ಮುಗಿಸುವವರೆಗೆ ನಾನು ತಿರುಗಲಿಲ್ಲ.

ತಿರುಗಿದಾಗ ಕುರ್ಚಿ ಖಾಲಿ ಇತ್ತು.

ಎದ್ದು ಗೋಡೆಯುದ್ದಕ್ಕೂ ಹುಡುಕುತ್ತಾ ಹೊರಟೆ. ಬೆಂಚಿನ ಮೇಲೆ ಸಿದ್ದಮ್ಮ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಿದ್ದಳು, ಆದರೆ ಅವರು ಅಲ್ಲಿರಲಿಲ್ಲ. ಗಿರಣಿಯ ಮೆಟ್ಟಿಲ ಮೇಲಿರಲಿಲ್ಲ, ಬಾವಿಕಟ್ಟೆಯಲ್ಲಿರಲಿಲ್ಲ. ಸಂತೆಮಾಳದಲ್ಲಿ ಯಾರದೋ ತಾತಂದಿರು ಗುಂಪು ಕಟ್ಟಿಕೊಂಡು ನಿಂತಿದ್ದರು, ಅವರಲ್ಲೂ ಇರಲಿಲ್ಲ. ಗೋಡೆ ಮುಗಿಯುವ ಕಡೆ ನಾನು ಹಿಂದೆ ನೋಡಿರದ ಒಂದು ಫೋಟೊ ಇತ್ತು. ನನ್ನದೇ ಸ್ಟುಡಿಯೊ. ಕ್ಯಾಮೆರಾದ ಹಿಂದೆ ನಾನು. ನನಗೆ ಗೊತ್ತಾಗದ ಹಾಗೆ ಆ ಹುಡುಗಿ ಯಾವಾಗಲೋ ತೆಗೆದದ್ದು. ನನ್ನ ಕ್ಯಾಮೆರಾದ ಮುಂದಿನ ಕುರ್ಚಿಯಲ್ಲಿ ಮೇಷ್ಟ್ರು ಕಾಲಿನ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಬೆರಳು ಇಳಿದಿತ್ತು. ಬಾಯಿ ಮುಚ್ಚಿತ್ತು. ಹೇಳಬೇಕಾದದ್ದನ್ನು ಹೇಳಿ ಮುಗಿಸಿದವರ ಮುಖ ಅದು.

ಉತ್ತರ ಕೊಟ್ಟಿದ್ದರು. ಆ ಫೋಟೊದೊಳಗಿದ್ದವಳಿಗೆ ಕೊಟ್ಟಿದ್ದರು, ನನಗಲ್ಲ. ಅವಳ ಮುಖ ನೋಡಿಯಾದರೂ ಏನು ಹೇಳಿದರೆಂದು ತಿಳಿದುಕೊಳ್ಳೋಣವೆಂದರೆ, ಶಾಹಿನಾ ಆ ಫೋಟೊವನ್ನು ತೆಗೆದದ್ದು ಹಿಂದಿನಿಂದ! ನನ್ನ ಬೆನ್ನು, ನನ್ನ ಜಡೆ, ಬೆವರಿನಿಂದ ಒದ್ದೆಯಾದ ನನ್ನ ರವಿಕೆ. ಅಲ್ಲಿಯೇ ತಲೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಕೆಲಸ ಮಾಡುವಾಗ ನಾನು ಕ್ಯಾಮೆರಾಗೆ ಬಗ್ಗಿರುತ್ತೇನೆ, ಅಲ್ಲಿದ್ದವಳು ನೆಟ್ಟಗೆ ನಿಂತಿದ್ದಳು. ಅವಳ ಎರಡೂ ಕೈ ಕ್ಯಾಮೆರಾ ಬಿಟ್ಟು ಕೆಳಗೆ ಇಳಿಬಿದ್ದಿದ್ದವು. ಎದುರಿಗೆ ಜನ ಕೂತಿರುವಾಗ ನಾನು ಕ್ಯಾಮೆರಾದಿಂದ ಕೈ ತೆಗೆದವಳೇ ಅಲ್ಲ. ಒಳ್ಳೆಯದನ್ನು ಕೇಳಿದರೂ ಕೈ ಹಾಗೆ ಬೀಳಬಹುದು, ಕೆಟ್ಟದ್ದನ್ನು ಕೇಳಿದರೂ ಬೀಳಬಹುದು. ಹೊರಗೆ ಬಂದೆ.

ಮಾರುಕಟ್ಟೆಯ ಮೆಟ್ಟಿಲ ಮೇಲೆ ಶಾಹಿನಾ ಪೇಪರಿನಲ್ಲಿ ಮಂಡಕ್ಕಿ ಹಿಡಿದುಕೊಂಡು ಕೂತಿದ್ದಳು. ಹಾಲೇಶ ಅವಳಿಂದ ಎರಡು ಮೆಟ್ಟಿಲು ಕೆಳಗೆ ಮುದುಡಿಕೊಂಡಿದ್ದ. ನನ್ನನ್ನು ನೋಡಿ ಇಬ್ಬರೂ ಗಾಬರಿಯಿಂದ ಎದ್ದು ನಿಂತರು.

"ಹೋದ್ರಾ ಅಕ್ಕ?" ಎಂದಳು.

ಬೇರೆ ಮಾತು ಬಾಯಿಗೆ ಬಂತು, ತಡೆದರೆ ಮತ್ತೆ ಹೇಳುವುದಕ್ಕಾಗುವುದಿಲ್ಲ ಎನಿಸಿತು.

"ಕೇಳು ಇಲ್ಲಿ. ಈ ಕೆಲಸ ನಿನಗೆ ಬಂದಿದೆ. ಚೆನ್ನಾಗಿ ಬಂದಿದೆ. ನನಗೆ ಹೊಳೆಯದೇ ಇದ್ದದ್ದು ನಿನಗೆ ಹೊಳೀತು. ನೀನು ಕೇಳಿಲ್ಲ, ಆದ್ರೂ ಹೇಳ್ತಾ ಇದೀನಿ."

ಅವಳು ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು, ಖಾರ ಮೆತ್ತಿದ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ನನ್ನ ಹಣೆ ಮುಟ್ಟಿ ನೋಡಿದಳು.

"ಹಾಲೇಶ, ಆಟೋ ಕರಿಯೋ. ಅಕ್ಕಂಗೆ ಜ್ವರ ಬಂದಿರ್ಬೇಕು" ಎಂದಳು.